ವೆರಿ ಮಿಸ್ಸಿಂಗ್

ಕುಮಟೆಯಿಂದ ಸೋದರಮಾವನ ಮಗ ಕಳಿಸಿದ ಪಾರ್ಸೆಲ್ ಇವತ್ತು ಬೆಳಗ್ಗೆ ಕೈಗೆ ಬಂತು. ಮೇಲಿನ ಟೇಪು ಕತ್ತರಿಸುವ ಮೊದಲೇ ಒಳಗೇನಿದೆ ಎಂದು ಮೂಗಿಗೆ ಗೊತ್ತಾಗಿಹೋಯಿತು. ಜುಮ್ಮನಕಾಯಿ. ಕರಾವಳಿಯವರಲ್ಲದವರಿಗಾಗಿ ಹೇಳುತ್ತೇನೆ: ಕಾಳುಮೆಣಸಿಗಿಂತ ತುಸು ದೊಡ್ಡದಾದ, ಬಾಯಿ ಬಿಟ್ಟುಕೊಂಡ ಒಣ ಕಾಯಿ ಅದು. ತೆಂಗಿನಕಾಯಿ ಅರೆದು ಮಾಡುವ ಗಸಿಗೆ ನಾಲ್ಕು ಜಜ್ಜಿ ಹಾಕಿದರೆ ಮನೆಯೆಲ್ಲ ಘಮ್ಮೆನ್ನುತ್ತದೆ. ಆದರೆ ಊಟದ ಆತುರದಲ್ಲಿ ಒಂದನ್ನು ಕಚ್ಚಿಬಿಟ್ಟಿರೋ, ನಾಲಿಗೆಯ ಮೇಲೆ ಇರುವೆಯ ಸಾಲು ಹೊರಟಂತೆ ಜುಮ್ಮೆಂದು, ಆಮೇಲೆ ಸ್ವಲ್ಪ ಹೊತ್ತು ನಿಮ್ಮ ನಾಲಿಗೆ ನಿಮ್ಮದಲ್ಲ.

ಈ ವಾಸನೆಗೆ ನ್ಯಾಯವಾಗಿ ನನಗೆ ಕುಮಟೆ ನೆನಪಾಗಬೇಕು. ಹುಟ್ಟಿದ ಊರು, ಏಳು ವರ್ಷದವರೆಗೆ ಬೆಳೆದ ಊರು. ಆದರೆ ಗುರುಗ್ರಾಮದ ಈ ಎತ್ತರದ ಫ್ಲ್ಯಾಟಿನ ಅಡುಗೆಮನೆಯಲ್ಲಿ ಪಾರ್ಸೆಲ್ ಹಿಡಿದು ನಿಂತವಳಿಗೆ ನೆನಪಾದದ್ದು ಲಿನ್ ಎಂಬ ಚೀನಾದ ಹೆಂಗಸು. ಮೂಗು ಯಾವ ದಾರಿಯಲ್ಲಿ ಕರೆದುಕೊಂಡು ಹೋಗುತ್ತದೆಯೋ ಹೇಳಲಾಗದು, ನೋಡಿ.

ಲಿನ್ ನಮ್ಮ ಸೊಸೈಟಿಗೆ ಬಂದದ್ದು ಕೋವಿಡ್‌ಗಿಂತ ಮೊದಲು. ಅವಳ ಗಂಡ ಮೊಬೈಲ್ ಫೋನ್ ತಯಾರಿಸುವ ಒಂದು ಕಂಪನಿಯಲ್ಲಿ ಎಂಜಿನಿಯರ್. ನಾನು ಆಗಷ್ಟೇ ನಿವೃತ್ತಳಾಗಿದ್ದೆ. ಜೀವಮಾನವೆಲ್ಲ ದೆಹಲಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ, ತಿದ್ದುವುದಕ್ಕೆ ಇನ್ನು ಯಾವ ಉತ್ತರಪತ್ರಿಕೆಯೂ ಇಲ್ಲದೆ, ಗೋಡೆಯ ಮೇಲಿನ ನೋಟೀಸುಗಳ ಸ್ಪೆಲ್ಲಿಂಗನ್ನು ಮನಸ್ಸಿನಲ್ಲೇ ತಿದ್ದುತ್ತ ಸಂಜೆ ಪಾರ್ಕಿನ ಬೆಂಚಿನಲ್ಲಿ ಕೂರುತ್ತಿದ್ದ ಕಾಲ. ಒಂದು ಸಂಜೆ ಗೇಟಿನ ಗಾರ್ಡ್ ಯಾದವ್‌ಜಿ ಅವಳನ್ನು ಕರೆದುಕೊಂಡು ಬಂದು ನನ್ನೆದುರು ನಿಲ್ಲಿಸಿದ.

"ಮೇಡಂಜಿ, ಯೇ ಇಂಗ್ಲಿಷ್ ಸೀಖನಾ ಚಾಹ್ತೀ ಹೈಂ," ಇವರಿಗೆ ಇಂಗ್ಲಿಷ್ ಕಲಿಯಬೇಕಂತೆ, ಎಂದು ನನ್ನನ್ನು ಒಪ್ಪಿಸಿದನೋ ಅವಳನ್ನು ಒಪ್ಪಿಸಿದನೋ ತಿಳಿಯದಂತೆ ಕೈಮುಗಿದು ಹೋಗಿಬಿಟ್ಟ.

ಅವಳು ಫೋನಿನಲ್ಲಿ ಏನನ್ನೋ ಅನುವಾದ ಮಾಡಿಕೊಂಡು, ಮೂವತ್ತು ದಾಟಿದ ದುಂಡು ಮುಖವನ್ನು ಗಂಭೀರ ಮಾಡಿಕೊಂಡು ಕೇಳಿದಳು: "ಯೂ ಆರ್ ಮಿಸ್?"

ಪ್ರಶ್ನೆ ಸಣ್ಣದು. ನನಗೆ ಉತ್ತರ ಸಣ್ಣದಾಗಿರಲಿಲ್ಲ. ದೆಹಲಿಯಲ್ಲಿ ಟೀಚರ್ ಎಂದರೆ ಮ್ಯಾಮ್. ಆದರೆ ಕರ್ನಾಟಕದಿಂದ ವರ್ಗವಾಗಿ ಬರುತ್ತಿದ್ದ ಸರ್ಕಾರಿ ಅಧಿಕಾರಿಗಳ ಮಕ್ಕಳು ಮೊದಲ ವಾರವೆಲ್ಲ ನನ್ನನ್ನು "ಮಿಸ್, ಮಿಸ್" ಎನ್ನುತ್ತಿದ್ದವು. ಮದುವೆಯಾಗಿ ಮೊಮ್ಮಕ್ಕಳಿದ್ದ ಗಣಿತದ ಟೀಚರೂ ಅವಕ್ಕೆ ಮಿಸ್ಸೇ. ಪ್ರಿನ್ಸಿಪಾಲರು ತಿದ್ದುತ್ತಿದ್ದರು. ನಾನು ಮಾತ್ರ ತಿದ್ದುತ್ತಿರಲಿಲ್ಲ. ಮದುವೆಯಾಗದ ನನಗೆ ಆ ಪದ ಎರಡು ಕಡೆಯಿಂದಲೂ ಸರಿಹೊಂದುತ್ತಿತ್ತು. ಹೊಂದುವ ಅಂಗಿಯನ್ನು ಯಾರು ಬೇಡ ಎನ್ನುತ್ತಾರೆ?

"ಯೆಸ್, ಐ ಆಮ್ ಮಿಸ್," ಎಂದೆ. ಅಲ್ಲಿಂದ ಅವಳಿಗೆ ನನ್ನ ಹೆಸರೇ ಅದಾಯಿತು.

ಪಾಠ ನಡೆಯುತ್ತಿದ್ದದ್ದು ನಮ್ಮ ಊಟದ ಮೇಜಿನಲ್ಲಿ. ಅಲ್ಲೇ ಪಕ್ಕದ ಕುರ್ಚಿಯಲ್ಲಿ ನನ್ನ ಅಮ್ಮ ಬೀನ್ಸಿನ ನಾರು ತೆಗೆಯುತ್ತ ಕೂತಿರುತ್ತಿದ್ದಳು. ಅಮ್ಮ ಅಪ್ಪನ ಜೊತೆ ದೆಹಲಿಯ ಮುನಿರ್ಕಾದಲ್ಲಿ ದೋಸೆ ಇಡ್ಲಿಯ ಹೋಟೆಲ್ ನಡೆಸಿದವಳು. ಈಗ ಅಪ್ಪನೂ ಇಲ್ಲ, ಹೋಟೆಲೂ ಇಲ್ಲ, ನಾವಿಬ್ಬರೇ. ಯಾರೇ ಮನೆಗೆ ಬಂದರೂ ತಿನ್ನಿಸದೆ ಕಳಿಸುವುದು ಅಮ್ಮನಿಗೆ ಆಗದು. ಒಂದು ದಿನ ಲಿನ್‌ಗೆ ಅನ್ನ, ಕಾಳಿನ ಗಸಿ ಬಡಿಸಿದಳು. ಜುಮ್ಮನಕಾಯಿ ತೆಗೆದಿಡಬೇಕೆಂದು ನಾನು ಹೇಳುವಷ್ಟರಲ್ಲಿ ಅವಳು ಕಚ್ಚಿಯಾಗಿತ್ತು.

ಲಿನ್ ಕಣ್ಣರಳಿಸಿ ಕೂಗಿದಳು: "ಮಾ!"

"ಹಾಂ ಬೇಟಾ, ಪಾನೀ ದೂಂ?" ಎಂದು ಅಮ್ಮ ನೀರಿಗೆ ಎದ್ದಳು.

ಅವಳು ಕೂಗಿದ್ದು ಅಮ್ಮನನ್ನಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವಳ ಊರು ಚೆಂಗ್ಡು. ಅಲ್ಲಿಯ ಅಡುಗೆಗೂ ಇಂಥದೇ ಒಂದು ಕಾಯಿ ಬೇಕಂತೆ, ನಮ್ಮ ಜುಮ್ಮನಕಾಯಿಯ ದಾಯಾದಿ. ನಾಲಿಗೆ ಜುಮ್ಮೆನ್ನುವುದಕ್ಕೆ ಅವರ ಮಾತು "ಮಾ", ಸ್ವರ ಮೇಲಕ್ಕೆ ಏರಿಸಿ. ಅದನ್ನೇ ಏರಿಳಿತವಿಲ್ಲದೆ ಎಳೆದರೆ ತಾಯಿ. ಧಡಕ್ಕನೆ ಕೆಳಕ್ಕೆ ಬಿಟ್ಟರೆ ಬೈಯುವುದು. ನಾನೂ ಅಮ್ಮನೂ ಪೈಪೋಟಿಯ ಮೇಲೆ ಅಭ್ಯಾಸ ಮಾಡಿದೆವು. ಮೂವತ್ತು ವರ್ಷ ಪರರ ಉಚ್ಚಾರ ತಿದ್ದಿದ ನನಗೆ ಕೊನೆಗೂ ತಾಯಿಗೂ ಬೈಗುಳಕ್ಕೂ ವ್ಯತ್ಯಾಸ ಮಾಡಲು ಬರಲಿಲ್ಲ. ಅಮ್ಮನಿಗೆ ಬಂತು.

ಹೀಗೆ ನಾಲಿಗೆಯ ಸಲಿಗೆ ಬೆಳೆದ ಮೇಲೆ ಒಂದು ದಿನ ಲಿನ್ ಪಾಠದ ನಡುವೆ ಹೇಳಿದಳು: "ಮಿಸ್, ಐ ಥಿಂಕ್ ಮೈ ಸನ್."

ನಾನು ವಾಕ್ಯದ ಉಳಿದರ್ಧಕ್ಕೆ ಕಾದೆ. ಬರಲಿಲ್ಲ. "ಮಗನ ಬಗ್ಗೆ ಏನು ಥಿಂಕ್ ಮಾಡುತ್ತೀ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ನೋ ವಾಟ್. ಐ ಥಿಂಕ್ ಮೈ ಸನ್. ಎವ್ರಿ ಡೇ ಐ ಥಿಂಕ್ ಮೈ ಸನ್."

ಅವಳಿಗೊಬ್ಬ ಮಗನಿದ್ದಾನೆಂದು ನನಗೆ ತಿಳಿದದ್ದು ಹಾಗೆ. ಫೋನಿನಲ್ಲಿ ಫೋಟೋ ತೋರಿಸಿದಳು. ಲೆಲೆ, ಐದಕ್ಕೆ ಕಾಲಿಡುತ್ತಿದ್ದ ಹುಡುಗ, ಎರಡು ಕೆನ್ನೆ ಸೇರಿ ಮೂಗನ್ನು ನುಂಗಿದಂತಿದ್ದವು. ಗಂಡನಿಗೆ ಇಲ್ಲಿ ಕೆಲಸವಾದಾಗ ಅವನಿನ್ನೂ ಹಾಲು ಬಿಡದ ಕೂಸು. ಪರದೇಶ, ಸೆಕೆ, ನೀರು ಎಂದೆಲ್ಲ ಹೆದರಿ ಅವಳ ತಾಯಿಯ ಹತ್ತಿರ ಬಿಟ್ಟು ಬಂದಿದ್ದರು. ಒಂದು ವರ್ಷ ಎಂದುಕೊಂಡದ್ದು ಮೂರು ದಾಟಿತ್ತು.

ಅವರ ಭಾಷೆಯಲ್ಲಿ "ಶ್ಯಾಂಗ್" ಎಂಬ ಒಂದೇ ಮಾತು ಯೋಚಿಸುವುದಕ್ಕೂ ಆಗುತ್ತದೆ, ಬೇಕು ಎನ್ನುವುದಕ್ಕೂ ಆಗುತ್ತದೆ, ಯಾರಾದರೂ ಹತ್ತಿರವಿಲ್ಲದೆ ಮನಸ್ಸು ಎಳೆಯುವುದಕ್ಕೂ ಆಗುತ್ತದೆಯಂತೆ. ಅದರಲ್ಲಿ ಮೊದಲನೆಯದನ್ನು ಹಿಡಿದು ಅವಳು ಇಂಗ್ಲಿಷಿಗೆ ದಾಟಿಸಿದ್ದಳು. ನಾನು ಟೀಚರಿನ ಠೀವಿಯಿಂದ ಹೇಳಿದೆ: ಇದಕ್ಕೆ ಥಿಂಕ್ ಸಲ್ಲದು, ಮಿಸ್ ಎನ್ನಬೇಕು. ಐ ಮಿಸ್ ಯೂ. ಐ ಆಮ್ ಮಿಸ್ಸಿಂಗ್ ಯೂ.

"ಮಿಸ್?" ಲಿನ್ ನನ್ನನ್ನೇ ಬೆರಳು ಮಾಡಿ ತೋರಿಸಿದಳು.

ಅದು ಬೇರೆ, ಇದು ಬೇರೆ ಎಂದೆ. ಮೆಟ್ರೋ ತಪ್ಪಿದರೂ ಮಿಸ್. ಫೋನು ಎತ್ತದಿದ್ದರೆ ಮಿಸ್ಡ್ ಕಾಲ್. ಚೆಂಡು ಕೈತಪ್ಪಿದರೆ ಮಿಸ್. ಅವಳು ಕೇಳಿದಳು: "ಟೀಚರ್ ಮಿಸ್. ರೈಲು ಹೋದರೆ ಮಿಸ್. ಮಗನೂ ಮಿಸ್. ಯಾಕೆ?"

ಅಂದು ಸಂಜೆ ನಿಘಂಟು ತೆಗೆದು ನೋಡಿದೆ. ಹೆಂಗಸಿನ ಹೆಸರಿನ ಮುಂದಿನ ಮಿಸ್ ಒಂದು ಮನೆತನದ್ದು, ತಪ್ಪಿಹೋಗುವ ಮಿಸ್ ಇನ್ನೊಂದು ಮನೆತನದ್ದು. ಹಾದಿಯಲ್ಲಿ ಎಲ್ಲೋ ಒಂದೇ ವೇಷ ಹಾಕಿಕೊಂಡಿವೆ ಅಷ್ಟೆ. ಆದರೆ ತಪ್ಪಿಹೋದ ರೈಲಿಗೂ ದೂರವಿರುವ ಮಗನಿಗೂ ಅದೇ ಪದ. ಕನ್ನಡದಲ್ಲಿ ನಾವೇನೆನ್ನುತ್ತೇವೆ ಎಂದು ಯೋಚಿಸಿದೆ. ನಮ್ಮಲ್ಲಿ ಬಸ್ಸು ತಾನೇ ತಪ್ಪಿಹೋಗುತ್ತದೆ. ನಮ್ಮ ತಪ್ಪೇನೂ ಇಲ್ಲ! ನೆನಪೂ ಹಾಗೆಯೇ, ನಾವು ಮಾಡುವುದಲ್ಲ, ಬಿಕ್ಕಳಿಕೆಯಂತೆ ತಾನಾಗಿ ಬರುವುದು. "ನಿನ್ನ ನೆನಪಾಗುತ್ತದೆ" ಎಂದರೆ ಸಾಕೇ? ಪಾಯಸಕ್ಕೆ ಸಕ್ಕರೆ ಹಾಕುವುದೂ ನೆನಪಾಗುತ್ತದೆ. ಲಿನ್ ಕೇಳಿದ್ದರೆ ಕೊಡಲು ನನ್ನ ಹತ್ತಿರ ಸರಿಯಾದ ಕನ್ನಡ ಪದ ಇರಲಿಲ್ಲ. ಪುಣ್ಯಕ್ಕೆ ಅವಳು ಕೇಳಲಿಲ್ಲ.

ಆ ಏಪ್ರಿಲ್‌ನಲ್ಲಿ ಗಂಡ ಊರಿಗೆ ಹೋಗಿ ಲೆಲೆಯನ್ನು ಕರೆತರುವುದೆಂದು ತೀರ್ಮಾನವಾಯಿತು. ಲಿನ್ ಒಂದು ಕೋಣೆಗೆ ಹಳದಿ ಬಣ್ಣ ಬಳಿಸಿದಳು. ಪುಟ್ಟ ಸೈಕಲ್ ಬಂತು. ನಮ್ಮ ಟವರಿನಲ್ಲಿ ಎಲ್ಲರಿಗೂ ಗೊತ್ತು, ಶನಿವಾರ ಚೀನಾದಿಂದ ಮಗು ಬರುತ್ತದೆ. ಅಮ್ಮ ರವೆ ಉಂಡೆ ಕಟ್ಟಿಟ್ಟಳು. ಮಗು ಬಂದ ದಿನವೇ ಮುತ್ತಿಗೆ ಹಾಕಬಾರದೆಂದು ಶನಿವಾರ ನಾವು ಹೋಗಲಿಲ್ಲ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕಾಲು ಚಾಚಿದ್ದೆ. ಫೋನಿಗೆ ಲಿನ್ ಸಂದೇಶ ಬಂತು.

"ಮಿಸ್, ಮೈ ಸನ್ ಮಿಸ್ಸಿಂಗ್. ವೆರಿ ಮಿಸ್ಸಿಂಗ್. ಪ್ಲೀಸ್ ಕಮ್."

ನಾನು ಆಮೇಲೆ ಎಷ್ಟೋ ಸಲ ನನ್ನನ್ನೇ ಹಾಸ್ಯ ಮಾಡಿಕೊಂಡಿದ್ದೇನೆ. ಇಂಗ್ಲಿಷ್ ಟೀಚರಾದವಳಿಗೆ ಆ "ವೆರಿ" ಕಣ್ಣಿಗೆ ಕುಕ್ಕಬೇಕಿತ್ತು. ಕಾಣೆಯಾದವರು ಕಾಣೆಯಾಗಿರುತ್ತಾರೆ, ಬಹಳ ಕಾಣೆಯಾಗಲು ಯಾರಿಗೂ ಸಾಧ್ಯವಿಲ್ಲ. ಆದರೆ ಆ ಗಳಿಗೆಯಲ್ಲಿ ವ್ಯಾಕರಣ ಯಾರಿಗೆ ಬೇಕು? ಫೋನ್ ಮಾಡಿದೆ, ಎತ್ತಲಿಲ್ಲ. ಚಪ್ಪಲಿ ಕೂಡ ಮೆಟ್ಟದೆ ಲಿಫ್ಟಿಗೆ ಓಡಿ, ಅವಳ ಮನೆಗೆ ಹೋಗುವ ಮೊದಲು ಗೇಟಿಗೆ ಹೋದೆ.

"ಯಾದವ್‌ಜಿ, ಬಚ್ಚಾ ಖೋ ಗಯಾ! ಲಿನ್ ಕಾ ಬೇಟಾ!"

ಯಾದವ್‌ಜಿ ಮೊದಲು ಗೇಟು ಹಾಕಿಸಿದ. ಆಮೇಲೆ ಕೇಳಿದ, ನೋಡಲು ಹೇಗಿದ್ದಾನೆ, ಬಟ್ಟೆ ಯಾವ ಬಣ್ಣ. ನಾನು ನೋಡಿದ್ದು ಫೋಟೋ ಮಾತ್ರ! "ಐದು ವರ್ಷ. ಚೈನೀಸ್," ಎಂದೆ. ಆತ ವಾಕಿಟಾಕಿಯಲ್ಲಿ ಅಷ್ಟನ್ನೇ ಕೂಗಿದ. ಹೊರಗೆ ಹೋಗಬೇಕಾದ ಕಾರುಗಳು ಸಾಲಾಗಿ ನಿಂತು ಹಾರ್ನ್ ಹೊಡೆಯತೊಡಗಿದವು. ಕಾರಣ ತಿಳಿದೊಡನೆ ಅದೇ ಕಾರುಗಳಿಂದ ಜನ ಇಳಿದು ಹುಡುಕಲು ಹೊರಟರು. ಎದುರು ಫ್ಲ್ಯಾಟಿನ ಮಿಸೆಸ್ ಚಡ್ಡಾ ದುಪಟ್ಟಾ ಸೊಂಟಕ್ಕೆ ಕಟ್ಟಿ ಈಜುಕೊಳದ ಕಡೆ ಓಡಿದರು. ಅವರು ಆ ಕಡೆ ಓಡಿದ್ದು ನೋಡಿ ನಾನೂ ಹಿಂದೆಯೇ ಓಡಿದೆ.

ಅಷ್ಟರಲ್ಲಿ ಹಿಂಬದಿಯ ಪಾರ್ಕಿನಿಂದ "ಮಿಲ್ ಗಯಾ! ಮಿಲ್ ಗಯಾ!" ಎಂಬ ಕೂಗು. ಒಬ್ಬ ಗಾರ್ಡ್ ಹುಡುಗನೊಬ್ಬನನ್ನು ರಟ್ಟೆ ಹಿಡಿದು ಕರೆತರುತ್ತಿದ್ದ. ಹುಡುಗ ಸಿಟ್ಟಿನಿಂದ ಕೆಂಪಾಗಿದ್ದ.

"ಛೋಡೋ ಮುಝೇ! ಮೈಂ ಬೀ ಟವರ್ ಮೇಂ ರಹ್ತಾ ಹೂಂ!" ಎಂದು ನಮಗೆಲ್ಲರಿಗಿಂತ ಶುದ್ಧ ಹಿಂದಿಯಲ್ಲಿ ಅರಚುತ್ತಿದ್ದ.

ಬೀ ಟವರಿನ ಮಿಜೋರಾಂ ಕುಟುಂಬದ ಮಗ. ಹಿಂದೆಯೇ ಅವನ ತಾಯಿ ಓಡಿ ಬಂದಳು. ವಿಷಯ ತಿಳಿದು ಅವಳು ಗಾರ್ಡಿಗೆ ಬೈಯಲಿಲ್ಲ. ಇದೇನೂ ಹೊಸದಲ್ಲ ಎಂಬಂತೆ ನಮ್ಮನ್ನೆಲ್ಲ ಒಂದು ಸಲ ನೋಡಿದಳು. ಆ ನೋಟಕ್ಕೆ ತಲೆ ತಗ್ಗಿಸಿದವರಲ್ಲಿ ನಾನೂ ಒಬ್ಬಳು, ಏಕೆಂದರೆ "ಚೈನೀಸ್" ಎಂದರೆ ಸಾಕು ಎಂದುಕೊಂಡವಳು ನಾನೇ. ಕ್ಷಮೆ ಕೇಳಿದೆ. ಅವಳು ಮಗನನ್ನು ಮನೆಗೆ ಕಳಿಸಿ, ತಾನು ನಮ್ಮ ಜೊತೆ ಹುಡುಕಲು ನಿಂತಳು.

ಕೊನೆಗೆ ನಾನು ಲಿನ್ ಮನೆಯ ಬೆಲ್ ಒತ್ತಿದೆ. ಬಾಗಿಲು ತೆರೆದವಳ ಕಣ್ಣು ಊದಿತ್ತು. ಹಾಲ್‌ನಲ್ಲಿ ಬಿಚ್ಚದ ಸೂಟ್‌ಕೇಸ್, ಸೋಫಾದ ಮೇಲೆ ಗಂಡ ಬಟ್ಟೆ ಬದಲಿಸದೆ ನಿದ್ದೆ ಹೋಗಿದ್ದ. ಮಗನನ್ನು ಕಳೆದುಕೊಂಡ ಅಪ್ಪ ಹೀಗೆ ನಿದ್ದೆ ಮಾಡುತ್ತಾನೆಯೇ?

"ಲಿನ್, ಕೊನೆಗೆ ನೋಡಿದ್ದು ಎಲ್ಲಿ?"

"ಏರ್‌ಪೋರ್ಟ್."

"ಯಾವ ಏರ್‌ಪೋರ್ಟ್?"

"ಚೆಂಗ್ಡು."

ನಾನು ಅಲ್ಲೇ ಇದ್ದ ಪುಟ್ಟ ಸೈಕಲ್ಲನ್ನು ಹಿಡಿದು ನಿಂತುಕೊಂಡೆ. ಅವಳು ಮುರುಕು ಮುರುಕಾಗಿ ಹೇಳಿದಳು. ವಿಮಾನ ನಿಲ್ದಾಣದವರೆಗೆ ಲೆಲೆ ನಗುನಗುತ್ತ ಬಂದಿದ್ದಾನೆ. ಅಜ್ಜಿ ಜೊತೆಗೆ ಬರುವುದಿಲ್ಲ ಎಂದು ತಿಳಿದೊಡನೆ ನೆಲಕ್ಕೆ ಬಿದ್ದು ಅವಳ ಕಾಲು ತಬ್ಬಿಕೊಂಡಿದ್ದಾನೆ. ಎತ್ತಲು ಹೋದ ಅಪ್ಪನ ಕೈ ಕಚ್ಚಿದ್ದಾನೆ. ಅಜ್ಜಿಯನ್ನು "ಮಾಮಾ, ಮಾಮಾ" ಎಂದು ಕೂಗಿ ಅತ್ತಿದ್ದಾನೆ, ಅಂದರೆ ಅಮ್ಮಾ ಎಂದು. ಅಪ್ಪ ಒಬ್ಬನೇ ವಿಮಾನ ಹತ್ತಿದ.

"ನೀವೇ ಕಲಿಸಿದ್ದು," ಎಂದು ಲಿನ್ ಕಣ್ಣೊರೆಸಿಕೊಂಡಳು. "ಐ ಆಮ್ ಮಿಸ್ಸಿಂಗ್. ಮೈ ಸನ್, ಮಿಸ್ಸಿಂಗ್. ತಪ್ಪಾ, ಮಿಸ್?"



ಬಾಗಿಲಲ್ಲಿ ಏದುಸಿರು ಬಿಡುತ್ತ ಯಾದವ್‌ಜಿ, ಮಿಸೆಸ್ ಚಡ್ಡಾ, ಮಿಜೋರಾಂನ ತಾಯಿ ಬಂದು ನಿಂತಿದ್ದರು. "ಬಚ್ಚಾ ಠೀಕ್ ಹೈ," ಎಂದೆ. "ನಾನಿ ಕೇ ಘರ್ ಮೇಂ ಹೈ. ಚೀನ್ ಮೇಂ." ನನ್ನ ಪದಪಾಠದ ಕಥೆಯನ್ನೂ ಹೇಳಿದೆ. ನಗುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ. ಯಾದವ್‌ಜಿ ಮಾತ್ರ ವಾಕಿಟಾಕಿ ಬಾಯಿಗೆ ಹಿಡಿದು, "ಗೇಟ್ ಖೋಲ್ ದೋ, ಬಚ್ಚಾ ಸೇಫ್ ಹೈ," ಎಂದಷ್ಟೇ ಹೇಳಿ ಮೆಟ್ಟಿಲಿಳಿದ. ಮಿಸೆಸ್ ಚಡ್ಡಾ "ಹಾಯ್ ರಬ್ಬಾ" ಎಂದು ಒಳಗೆ ನುಗ್ಗಿ ಲಿನ್‌ಳನ್ನು ತಬ್ಬಿಕೊಂಡರು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು.

ಎಲ್ಲರೂ ಹೋದ ಮೇಲೆ ನಾನು ಹಳದಿ ಕೋಣೆಯ ಪುಟ್ಟ ಮಂಚದ ಮೇಲೆ ಲಿನ್ ಪಕ್ಕ ಕೂತೆ. ಸಮಾಧಾನ ಹೇಳಲು ನನ್ನ ಹತ್ತಿರ ಇದ್ದದ್ದು ಒಂದೇ ಕಥೆ, ನನ್ನದು. ಅದನ್ನೇ ಹೇಳಿದೆ.

ಅಪ್ಪ ಅಮ್ಮ ದೆಹಲಿಗೆ ಬಂದಾಗ ನಾನು ಅಂಬೆಗಾಲಿನ ಮಗು. ಮುನಿರ್ಕಾದಲ್ಲಿ ಹೋಟೆಲಿನ ಹಿಂದಿನ ಒಂದೇ ಕೋಣೆ, ಅದರಲ್ಲೇ ಹಿಟ್ಟು ರುಬ್ಬುವುದು, ಅದರಲ್ಲೇ ಮಲಗುವುದು. ನನ್ನನ್ನು ಕುಮಟೆಯಲ್ಲಿ ಅಜ್ಜಿಯ ಬಳಿ ಬಿಟ್ಟರು. ಮಾವಂದಿರೆಲ್ಲ ಅಜ್ಜಿಯನ್ನು "ಆಯಿ" ಎನ್ನುತ್ತಿದ್ದರು, ನಮ್ಮ ಕಡೆ ತಾಯಿಯನ್ನು ಕರೆಯುವುದು ಹಾಗೆ. ನಾನೂ ಅಜ್ಜಿಯನ್ನೇ ಆಯಿ ಎಂದೆ. ಹೆತ್ತವಳು "ದಿಲ್ಲಿ ಅಮ್ಮ" ಆದಳು. ಏಳನೇ ವರ್ಷಕ್ಕೆ ದಿಲ್ಲಿ ಅಮ್ಮ ನನ್ನನ್ನು ಕರೆದೊಯ್ಯಲು ಬಂದಾಗ ನಾನು ಆಯಿಯ ಸೀರೆಯ ಹಿಂದೆ ನಿಂತು, ಎಲ್ಲರಿಗೂ ಕೇಳುವಂತೆ ಕೇಳಿದ್ದೆನಂತೆ: "ಇವರು ವಾಪಸ್ ಯಾವಾಗ ಹೋಗ್ತಾರೆ?"

ಲಿನ್ ಕೇಳಿದಳು: "ಆಮೇಲೆ?"

ಆಮೇಲೆ ಎಳೆದು ತಂದರು. ರೈಲಿನಲ್ಲಿ ಅತ್ತು ಅತ್ತು ಗಂಟಲು ಕಟ್ಟಿತ್ತು. ದೆಹಲಿಯಲ್ಲಿ ನಾನು ಅಮ್ಮನನ್ನು "ನೀವು" ಎನ್ನುತ್ತಿದ್ದೆ. ನಮ್ಮಲ್ಲಿ ಮಕ್ಕಳು ತಾಯಿಯನ್ನು ನೀನು ಎನ್ನುತ್ತವೆ. ನೀವು ಎನ್ನುವುದು ನೆಂಟರಿಗೆ. "ನೀವು ನೀರು ಕೊಡ್ತೀರಾ?" ಎಂದು ಹೆತ್ತ ತಾಯಿಯನ್ನು ಕೇಳುವ ಮಗು. ಒಂದು ಬೆಳಗ್ಗೆ ಜಡೆ ಹಾಕುವಾಗ ಅಮ್ಮ ಕೂದಲು ಜಗ್ಗಿದಳು. ನೋವಿಗೆ ನಾನು ಸಿಡುಕಿದೆ: "ಏ, ಎಳೀಬೇಡ! ನಿಂಗೆ ಜಡೆ ಹಾಕೋಕೇ ಬರೂದಿಲ್ಲ!" ಅಮ್ಮ ಬಾಚಣಿಗೆ ಕೆಳಗೆ ಬಿಟ್ಟು ನಕ್ಕಳು. ನಾನು ಬೈದದ್ದಕ್ಕೆ ಯಾಕೆ ನಗುತ್ತಾಳೆ ಎಂದು ಆಗ ತಿಳಿಯಲಿಲ್ಲ.

"ನೀ?" ಎಂದು ಲಿನ್ ತಟ್ಟನೆ ತಡೆದಳು. ಅವರ ಭಾಷೆಯಲ್ಲೂ ಸಲಿಗೆಯ ಮಾತು "ನೀ"ಯೇ ಅಂತೆ. ಮರ್ಯಾದೆ ಕೊಡುವಾಗ "ನೀನ್". ನಮ್ಮಲ್ಲಿ ಮರ್ಯಾದೆ ತೆಗೆಯುವುದಕ್ಕೆ ನೀನು! ಆ ಅಳುವಿನ ನಡುವೆಯೂ ನಮ್ಮಿಬ್ಬರಿಗೆ ನಗು ಬಂತು.

ಆಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ. "ನೀವು ಅಜ್ಜಿಯ ಮನೆಯಲ್ಲಿದ್ದಾಗ, ಅಮ್ಮನನ್ನು ಮಿಸ್ ಮಾಡಿದಿರಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ," ಎಂದೆ. "ಗೊತ್ತಿಲ್ಲದವರನ್ನು ಹೇಗೆ ಮಿಸ್ ಮಾಡುವುದು? ಆದರೆ ದೆಹಲಿಗೆ ಬಂದ ಮೇಲೆ ಅಜ್ಜಿಯನ್ನು ಬಹಳ ಮಿಸ್ ಮಾಡಿದೆ."

ಲಿನ್ ಎದ್ದು ಹಾಲ್‌ಗೆ ಹೋಗಿ ಸೈಕಲ್ಲನ್ನು ಗೋಡೆಗೆ ಒರಗಿಸಿದಳು. ಅವಳ ತೀರ್ಮಾನ ಬಹುಶಃ ಆಗಲೇ ಆಯಿತು. ಮರುತಿಂಗಳು ಅವಳೇ ಊರಿಗೆ ಹೊರಟಳು. ಮಗನನ್ನು ಕಿತ್ತು ತರುವುದಿಲ್ಲ, ಅಜ್ಜಿಯ ಮನೆಯಲ್ಲೇ ಅವನ ಜೊತೆ ಇರುತ್ತೇನೆ, ಗಂಡ ಕೆಲಸ ಮುಗಿಸಿ ಬರಲಿ ಎಂದಳು. ಸೈಕಲ್ಲನ್ನು ಬೀ ಟವರಿನ ಹುಡುಗನಿಗೆ ಕೊಟ್ಟು ಹೋದಳು.

ಅಲ್ಲಿಂದ ಸಂದೇಶ ಬರುತ್ತಿತ್ತು. ಮಗ ತನ್ನನ್ನು ಆಂಟಿ ಎನ್ನುತ್ತಾನೆ. ತನ್ನ ಕೈಯಿಂದ ಉಣ್ಣುವುದಿಲ್ಲ, ಆದರೆ ಥ್ಯಾಂಕ್ಯೂ ಹೇಳುತ್ತಾನೆ. ಆ ಥ್ಯಾಂಕ್ಯೂ ಅವಳಿಗೆ ಬಹಳ ನೋಯುತ್ತಿತ್ತು ಎಂದು ಕಾಣುತ್ತದೆ, ಮತ್ತೆ ಮತ್ತೆ ಬರೆಯುತ್ತಿದ್ದಳು. ಮಳೆಗಾಲ ಕಳೆದು ದೀಪಾವಳಿ ಹತ್ತಿರ ಬಂದಾಗ ಒಂದು ಸಂದೇಶ: "ಮಿಸ್, ಇವತ್ತು ಅವನು ನನಗೆ ಬೈದ. ಶೂ ತಪ್ಪು ಕಾಲಿಗೆ ಹಾಕಿದೆನಂತೆ. ತುಂಬಾ ಬೈದ. ಐ ಆಮ್ ವೆರಿ ಹ್ಯಾಪಿ." ನಾನು ಅದನ್ನು ಅಮ್ಮನಿಗೆ ಓದಿ ಹೇಳಿದೆ. "ಒಳ್ಳೇದಾಯ್ತು," ಎಂದಳು ಅಮ್ಮ, ಬೀನ್ಸಿನಿಂದ ತಲೆ ಎತ್ತದೆ.

ಮುಂದೆ ಕೋವಿಡ್ ಬಂತು, ಗಡಿಯ ಗಲಾಟೆ ಬಂತು, ನಾವು ಮಾತಾಡಿಕೊಳ್ಳುತ್ತಿದ್ದ ಚೀನೀ ಆಪ್ ಇಲ್ಲಿ ಬಂದ್ ಆಯಿತು. ಲೆಲೆ ಈಗ ಹೈಸ್ಕೂಲಿನ ಹೊಸ್ತಿಲಲ್ಲಿರಬೇಕು. ಅಮ್ಮನಿಗೆ ಏನೇನೆಲ್ಲ ಬೈಯುತ್ತಾನೋ.

ಪಾರ್ಸೆಲ್ ಹಿಡಿದು ಇಷ್ಟೆಲ್ಲ ಯೋಚಿಸುತ್ತಿದ್ದವಳಿಗೆ ಒಂದು ವಿಚಿತ್ರ ಹೊಳೆಯಿತು. ಲಿನ್ ನನ್ನನ್ನು ಕೇಳಿದ ಪ್ರಶ್ನೆಯನ್ನು ತಿರುಗಿಸಿ ನಾನು ಅಮ್ಮನನ್ನು ಎಂದೂ ಕೇಳಿಲ್ಲ. "ಇವರು ವಾಪಸ್ ಯಾವಾಗ ಹೋಗ್ತಾರೆ" ಎಂಬುದನ್ನು ನಾನು ತಮಾಷೆಯ ಕಥೆಯಾಗಿ ಎಷ್ಟು ಜನಕ್ಕೆ ಹೇಳಿದ್ದೇನೆ! ಪಕ್ಕದಲ್ಲೇ ಅಮ್ಮ ಕೂತು ನಗುತ್ತಲೂ ಇದ್ದಳು. ಆ ಆರು ವರ್ಷ ಈ ಕಡೆ ಹೇಗಿತ್ತು ಎಂದು ತಿಳಿಯುವ ಕುತೂಹಲ, ಪದಗಳ ಬೇರು ಹುಡುಕುವ ನನಗೆ ಯಾಕೆ ಬರಲಿಲ್ಲ?

ಅಮ್ಮ ಬಾಲ್ಕನಿಯ ಕುರ್ಚಿಯಲ್ಲಿ ಬಿಸಿಲು ಕಾಯಿಸುತ್ತಿದ್ದಳು. ಈಗ ಕಿವಿ ಸ್ವಲ್ಪ ಮಂದ. ಹತ್ತಿರ ಹೋಗಿ ಕೂತು ಕೇಳಿದೆ. "ಅಮ್ಮ, ನಾನು ಕುಮಟೆಯಲ್ಲಿದ್ದಾಗ ನಿಂಗೆ ಹೇಗನ್ನಿಸ್ತಿತ್ತು?"

"ಎಂತ ಅನ್ನಿಸೂದು?" ಎಂದಳು. "ಅನ್ನಿಸೋಕೆ ಪುರುಸೊತ್ತು ಬೇಕಲ್ಲ ಕೂಸೇ. ಬೆಳಗಾದ್ರೆ ರುಬ್ಬೂದು, ಬೇಯ್ಸೂದು."

ಅಷ್ಟೇ ಎಂದುಕೊಂಡು ನಾನು ಏಳುತ್ತಿದ್ದೆ.

"ಹೋಟೆಲಿಗೆ ಬರೋ ಮಕ್ಕಳನ್ನ ನೋಡ್ತಿದ್ದೆ," ಎಂದಳು. "ಟೇಬಲ್ಲಿನ ಹತ್ರ ನಿಂತ್ರೆ ಎಲ್ಲಿವರೆಗೆ ಬರ್ತವೆ ಅಂತ. ಒಂದು ವರ್ಷ ಟೇಬಲ್ಲು ಗಲ್ಲಕ್ಕೆ ಬರೂದು, ಮತ್ತೊಂದು ವರ್ಷ ಎದೆಗೆ. ಅವರ ಅಮ್ಮಂದಿರ ಹತ್ರ ಕೇಳ್ತಿದ್ದೆ, ಕಿತನೇ ಸಾಲ್ ಕಾ ಹೈ, ಎಷ್ಟು ವರ್ಷ ಅಂತ. ನಾನು ಕಲಿತ ಮೊದಲನೇ ಹಿಂದಿ ಅದೇ. ನಿಮ್ಮಪ್ಪ ಎರಡು ಪ್ಲೇಟ್ ಇಡ್ಲಿ ಅನ್ನೋಕೆ ಕಲಿಸಿಕೊಟ್ಟಿದ್ದು ಆಮೇಲೆ."

ನಾನು ಮತ್ತೆ ಕೂತೆ.

"ಅದೇ ಅಂದಾಜಿನ ಮೇಲೆ ಒಂದು ಫ್ರಾಕ್ ಹೊಲಿಸಿಕೊಂಡು ಕುಮಟೆಗೆ ಬಂದಿದ್ದೆ. ಹೋಟೆಲಿಗೆ ಬರ್ತಿದ್ದದ್ದು ಪಂಜಾಬಿ ಮಕ್ಕಳು, ಬೇಗ ಬೆಳೀತವೆ. ಅದು ನಂಗೆ ಲೆಕ್ಕಕ್ಕೇ ಸಿಕ್ಕಿರ್ಲಿಲ್ಲ." ಅಮ್ಮ ಕುರ್ಚಿಯ ತೋಳಿನಿಂದ ಕೈ ಎ‍ತ್ತಿ, ಅಂಗೈ ಕೆಳಗೆ ಮಾಡಿ, ಗಾಳಿಯಲ್ಲಿ ಒಂದು ಎತ್ತರಕ್ಕೆ ಹಿಡಿದಳು. "ಇಷ್ಟಾಗಿರಬಹುದು ಅಂದ್ಕೊಂಡಿದ್ದೆ."

ಆಮೇಲೆ ಆ ಕೈಯನ್ನು ನಿಧಾನಕ್ಕೆ ಕೆಳಗಿಳಿಸಿದಳು. ಸರಿಯಾದ ಜಾಗ ಹುಡುಕುವವಳಂತೆ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಮಾಡಿ, ಒಂದು ಕಡೆ ನಿಲ್ಲಿಸಿದಳು.

"ಇಷ್ಟೇ ಇದ್ದಿ," ಎಂದಳು.